ಪದಚರ್ಚೆ: ‘ವಾಹಕ’ ಯಾವುದು, ಮಂಗನೋ ಉಣುಗೋ?

ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಓದುಗರಿಗಾಗಿ ಉಣುಗು (ರಕ್ತ ಹೀರುವ ಉಣ್ಣೆ ಹುಳು) ಕಚ್ಚಿ ಹರಡುವ ವೈರಸ್ ಜ್ವರವಾದ ಮಂಗನ ಕಾಯಿಲೆಯ ಕೈಪಿಡಿ ತಿದ್ದುವಾಗ ಎದ್ದ ಪ್ರಶ್ನೆ ಇದು. ವೆಕ್ಟರ್ (ರೋಗಾಣುವನ್ನು ದಾಟಿಸುವ ಜೀವಿ) ಎಂಬುದಕ್ಕೂ ‘ವಾಹಕ’, ಕ್ಯಾರಿಯರ್‌ಗೂ (ರೋಗಾಣುವನ್ನು ಹೊತ್ತಿರುವ ಜೀವಿ) ‘ವಾಹಕ’, ಕೆಲವೆಡೆ ಹೋಸ್ಟ್‌ಗೂ (ರೋಗಾಣು ನೆಲೆಸುವ ಜೀವಿ) ಅದೇ. ಹಾಗಾಗಿ ‘ವಾಹಕಗಳಾದ ಮಂಗ ಮತ್ತು ಉಣುಗು’ ಎಂಬಂಥ ವಾಕ್ಯಗಳು ನುಸುಳುತ್ತವೆ. ಓದಿದವರು ಮಂಗನಿಗೆ ಹೆದರುತ್ತಾರೆ, ಉಣುಗು ಅಡಗಿರುವ ದರಕಿಗೆ (ಉದುರಿದ ಒಣ ಎಲೆ) ಹೆದರುವುದಿಲ್ಲ.

ವೈರಸ್ಸನ್ನು ಜೀವಿಯಿಂದ ಜೀವಿಗೆ ದಾಟಿಸುವುದು ಉಣುಗು, ಮುಖ್ಯವಾಗಿ ಹಿಮಫೈಸಾಲಿಸ್ ಸ್ಪಿನಿಜೆರಾ. ಒಮ್ಮೆ ಸೋಂಕು ತಗುಲಿದರೆ ಬೆಳವಣಿಗೆಯ ಮುಂದಿನ ಹಂತಗಳಲ್ಲೂ ಅದರ ಮೈಯಲ್ಲಿ ವೈರಸ್ಸು ಉಳಿದಿರುತ್ತದೆ. ಮಂಗ, ಮುಸಿಯ (ಕಪ್ಪು ಮುಖದ ಲಂಗೂರ್) ಎರಡೂ ಈ ರೋಗಕ್ಕೆ ಬಲಿಯಾಗುವವೇ. ಅವುಗಳ ರಕ್ತದಲ್ಲಿ ವೈರಸ್ಸು ಹೇರಳವಾಗಿ ಹೆಚ್ಚಿ, ಆ ರಕ್ತ ಹೀರಿದ ಉಣುಗುಗಳಿಗೆ ಸೇರುತ್ತದೆ. ಮಂಗ ಸತ್ತ ಮೇಲೆ ಉಣುಗುಗಳು ಉದುರಿ ಸುತ್ತಲಿನ ದರಕಿನಲ್ಲಿ ಹರಡಿಕೊಳ್ಳುತ್ತವೆ. ಬೇಸಿಗೆಗೆ ಮುಂಚೆ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ದರಕು ಗುಡಿಸುವವರನ್ನು ಕಡಿಯುವುದು ಹೆಚ್ಚಾಗಿ ನಿಂಫ್ ಹಂತದ (ಲಾರ್ವಾ ಆದ ಮೇಲಿನ, ಇನ್ನೂ ಪೂರ್ತಿ ಬೆಳೆಯದ) ಉಣುಗು, ಕಣ್ಣಿಗೆ ಬೀಳುವುದೇ ಕಷ್ಟ. ದನವೋ, ಉಣುಗನ್ನು ಸಾಕುತ್ತದೆಯೇ ಹೊರತು ವೈರಸ್ಸನ್ನಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು.

ಆದ್ದರಿಂದ ‘ವಾಹಕ’ ಉಣುಗಿಗೆ ಮಾತ್ರ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಗನಿಗೆ ‘ಆಶ್ರಯಜೀವಿ’, ಮನುಷ್ಯನಿಗೆ ‘ಕಡೆಯ ಆಶ್ರಯ’ (ವೈರಸ್ಸು ಅಲ್ಲಿಂದ ಮುಂದೆ ಹರಡದು) ಸಾಕು. ಹೋಸ್ಟ್‌ಗೆ ಪಠ್ಯಪುಸ್ತಕ ಬಳಸುವ ‘ಆತಿಥೇಯ’ಕ್ಕೆ ಕರೆದು ಉಪಚರಿಸುವ ಅರ್ಥ ಅಂಟಿಕೊಂಡಿದೆ. ‘ಉಣ್ಣೆ’ ಎಂದು ಅಚ್ಚಾದರೆ ಕಂಬಳಿಯ ನೆನಪಾಗುತ್ತದೆ, ‘ಉಣುಗು’ ಎಂದೇ ಬರೆಯೋಣ.

ಇನ್ನೊಂದು ಗೊಂದಲ ಇದಕ್ಕಿಂತ ಕೆಟ್ಟದ್ದು: ‘ಪ್ರತಿಕಾಯ’ (ಆಂಟಿಬಾಡಿ), ‘ಪ್ರತಿಜನಕ’ (ಆಂಟಿಜೆನ್) ಎರಡನ್ನೂ ಒಂದೆಂದು ತಿಳಿಯುವುದು. ‘ಪ್ರತಿಕಾಯ’ ಎಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರೋಟೀನು. ‘ಪ್ರತಿಜನಕ’ ಎಂದರೆ ಅದನ್ನು ತಯಾರಿಸುವಂತೆ ದೇಹವನ್ನು ಕೆರಳಿಸಿದ ವಸ್ತು, ಇಲ್ಲಿ ವೈರಸ್ಸಿನದೇ ಒಂದು ಭಾಗ. ಐಜಿಎಂ (ಸೋಂಕಾದಾಗ ಮೊದಲು ಹುಟ್ಟುವ ಪ್ರತಿಕಾಯ) ಪರೀಕ್ಷೆ ಪಾಸಿಟಿವ್ ಬಂದರೆ ‘ರಕ್ತದಲ್ಲಿ ವೈರಸ್ಸು ಸಿಕ್ಕಿದೆ’ ಎಂದು ಬರೆಯುವುದು ತಪ್ಪು. ದೇಹ ಅದರೊಡನೆ ಇತ್ತೀಚೆಗೆ ಸೆಣಸಿದೆ ಎಂದಷ್ಟೇ ಅದರರ್ಥ. ಈ ಪ್ರತಿಕಾಯ ಕಾಣಿಸಿಕೊಳ್ಳಲು ಜ್ವರ ಶುರುವಾಗಿ ಸುಮಾರು 5 ದಿನ ಬೇಕು. ಎರಡನೇ ದಿನವೇ ರಕ್ತ ಕೊಟ್ಟು, ಐಜಿಎಂ ನೆಗೆಟಿವ್ ಬಂತೆಂದು ಮನೆಗೆ ಹೋದವರಿಗೆ ಕಾಯಿಲೆ ಇಲ್ಲವೆಂದು ಹೇಳಲಾಗದು. ಆ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಬೇಕು. ಕೈಪಿಡಿಯಲ್ಲಿ ‘ವೈರಸ್ ಪತ್ತೆ’, ‘ಪ್ರತಿಕಾಯ ಪತ್ತೆ’ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.

ನಿಂಫ್ ಹಂತದ ಉಣುಗಿಗೆ ಸಿದ್ದಾಪುರ, ಶಿರಸಿ ಕಡೆ ಬೇರೆ ಹೆಸರಿದೆಯೇ? ‘ಮರಿ ಉಣುಗು’ ಎಂದರೆ ಆರು ಕಾಲಿನ ಲಾರ್ವಾಕ್ಕೂ ಎಂಟು ಕಾಲಿನ ನಿಂಫ್‌ಗೂ ಭೇದ ಉಳಿಯುವುದಿಲ್ಲ. ಬಳಕೆಯಲ್ಲಿರುವ ಮಾತು ಇದ್ದರೆ ತಿಳಿಸಿ.