ಸಂಕಟ, ಶುಶ್ರೂಷೆ: ನಿಮ್ಮ ಕಡೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಮೊದಲನೆಯದು ಸಂಕಟ.

ಹೋದ ತಿಂಗಳು ಅಮ್ಮನನ್ನು ಹಾಸನದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಮಾತು ಅಪ್ಪಟ ಬೇಲೂರು ಕಡೆಯದು. ಏನಾಗ್ತಿದೆ ಅಂತ ಡಾಕ್ಟರು ಕೇಳಿದ್ದಕ್ಕೆ "ಬೆಳಗ್ಗೆಯಿಂದ ಒಂದೇ ಸಮ ಸಂಕಟ ಕಣಪ್ಪ" ಅಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಬೆಂಗಳೂರಲ್ಲಿ ಬೆಳೆದವರಂತೆ. "ಯಾಕಮ್ಮ ಬೇಜಾರು, ಮನೇಲಿ ಏನಾದ್ರೂ ತೊಂದ್ರೆನಾ?" ಅಂದವರು ಉತ್ತರಕ್ಕೆ ಕಾಯದೆ ಶುಗರ್ ರಿಪೋರ್ಟ್ ತಿರುವಿ ಹಾಕಿದರು. ಅಮ್ಮ ಸುಮ್ಮನಾದರು. ಪಕ್ಕದಲ್ಲಿದ್ದ ನಾನಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಅರ್ಧ ಗಂಟೆ ಆದ ಮೇಲೆ ಬಿಪಿ ನೋಡೋಕೆ ನರ್ಸ್ ಬಂದರು. ಪಟ್ಟಿ ಸುತ್ತುತ್ತಲೇ ಕೇಳಿದರು, "ಸಂಕಟ ಎಲ್ಲಜ್ಜಿ, ಎದೇಲಾ ಹೊಟ್ಟೇಲಾ? ಬೆವರು ಬಂತಾ?" ಅಮ್ಮ ಅಂಗೈಯನ್ನು ಎದೆಗೂಡಿನ ಕೆಳಗೆ ಒತ್ತಿಕೊಂಡು, "ಇಲ್ಲಿ ಕಣವ್ವ, ಒದ್ದೆ ಬಟ್ಟೆ ಹಿಂಡಿದಂಗೆ" ಅಂದರು. ನರ್ಸ್ ಹೋಗಿ ಡಾಕ್ಟರಿಗೆ ಹೇಳಿದರು. ತಕ್ಷಣ ಇಸಿಜಿ ಮಾಡಿದರು. ಹಾರ್ಟ್ ಅಟ್ಯಾಕೇ ಆಗಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಎದೆನೋವೇ ಬರಬೇಕು ಅಂತಿಲ್ಲ, ಬರೀ ವಾಕರಿಕೆ, ಸುಸ್ತು, ಏದುಸಿರು ಇಷ್ಟೇ ಇರಬಹುದು. ಅಮ್ಮ ಈಗ ಮನೆಯಲ್ಲಿದ್ದಾರೆ, ಹುಷಾರಾಗಿದ್ದಾರೆ. ಆ ಅರ್ಧ ಗಂಟೆ ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತೆ.

ನಮ್ಮ ಕಡೆ ಹಳಬರ ಬಾಯಲ್ಲಿ ಸಂಕಟ ಅಂದರೆ ಜಾಸ್ತಿ ಮೈಗೆ ಆಗುವಂಥದ್ದು. ಪುಸ್ತಕದ ಕನ್ನಡದಲ್ಲಿ ಅದು ದುಃಖ, ಕಷ್ಟ. ಸಂಸ್ಕೃತದ ಸಂಕಟಕ್ಕೆ ಇಕ್ಕಟ್ಟು, ಕಿರಿದು ಅನ್ನುವ ಅರ್ಥವೂ ಇದೆ. ಅಂದರೆ ಅಮ್ಮನ ಬಟ್ಟೆ ಹಿಂಡುವ ಸಂಕಟ ಅದಕ್ಕೇ ಹತ್ತಿರ, ಅಲ್ವಾ?

ಎರಡನೆಯದು ಶುಶ್ರೂಷೆ. ಇದಕ್ಕೂ ಶ್ರವಣಕ್ಕೂ ಧಾತು ಒಂದೇ. ಮೂಲದಲ್ಲಿ ಕೇಳಬೇಕು ಅನ್ನುವ ಆಸೆ, ಆಮೇಲೆ ಗುರು ಹೇಳಿದ್ದನ್ನು ಕೇಳಿ ನಡೆಯುವುದು, ಸೇವೆ, ಕೊನೆಗೆ ಕಾಯಿಲೆಯವರ ಸೇವೆ. ಈಗ ಅದರಲ್ಲಿ ಕಿವಿಯ ಅರ್ಥ ಯಾರಿಗೂ ಕೇಳಿಸುವುದೇ ಇಲ್ಲ. ಆರೈಕೆಯ ಹಿಂದೆ ಇರುವ ಹಳಗನ್ನಡದ ಆರಯ್‌ಗೆ ಹುಡುಕು, ಪರಿಶೀಲಿಸು ಅಂತಲೂ ಅರ್ಥ. ಆಡುಮಾತಿನ ನೋಡ್ಕೊಳ್ಳೋದು ಅಂತೂ ನೇರವಾಗಿ ಕಣ್ಣಿನದು. ಆದರೆ ಆವತ್ತು ಅಮ್ಮನನ್ನು ಉಳಿಸಿದ್ದು ಕಿವಿ. ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವವರು 74 ಭೇಟಿಗಳ ಧ್ವನಿಮುದ್ರಣ ಕೇಳಿ 1984ರಲ್ಲಿ ಬರೆದಿದ್ದರು: ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ತಡೆಯುತ್ತಿದ್ದರು.

ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಡಾಕ್ಟರನ್ನು ನಮ್ಮೂರಲ್ಲಿ "ಚೆನ್ನಾಗಿ ವಿಚಾರಿಸ್ತಾರೆ" ಅಂತಾರೆ. ಕೈಗುಣ ಅನ್ನುವುದೂ ಇದೆ, ಆದರೆ ಅದು ವಾಸಿ ಮಾಡುವ ಕೈಯ ಮಾತು. ಈ ಕೇಳಿಸಿಕೊಳ್ಳುವ ಗುಣಕ್ಕೇ ಅಂತ ನಿಮ್ಮ ಕಡೆ ಬೇರೆ ಪದ ಇದೆಯಾ? ಧಾರವಾಡ, ಕಲಬುರಗಿ, ಕುಂದಾಪುರ ಕಡೆಯವರು ಹೇಳಿ. ಹಾಗೇ ಸಂಕಟ, ತಳಮಳ, ಕಸಿವಿಸಿ, ಇವುಗಳಲ್ಲಿ ನಿಮ್ಮ ಮನೆಯ ಹಿರಿಯರು ಮೈಗೆ ಹೇಳುವುದು ಯಾವುದು, ಮನಸ್ಸಿಗೆ ಯಾವುದು? ಅವರು ಆಡಿದ ವಾಕ್ಯವನ್ನೇ ಬರೆದರೆ ಒಳ್ಳೆಯದು. ಪಟ್ಟಿ ಮಾಡಿ ಆ ಡಾಕ್ಟರಿಗೇ ಕೊಡೋಣ ಅಂತಿದ್ದೇನೆ, ಅವರೇ ಕೇಳಿದ್ದಾರೆ.