ಪ್ರಾಸ್ಟೇಟ್ ತೆಗೆಸಿದ ಮೇಲೆ ರೇಡಿಯೇಷನ್ ಈಗಲೇ ಬೇಕಾ, ಕಾಯಬಹುದಾ? ಅನುಭವ ಇದ್ದವರು ಹೇಳಿ

ಅಪ್ಪನಿಗೆ 64 ವರ್ಷ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಗ್ರಂಥಿ) ಕ್ಯಾನ್ಸರ್ ಅಂತ ಮೂರು ತಿಂಗಳ ಹಿಂದೆ ಆಪರೇಷನ್ ಮಾಡಿ ಅದನ್ನ ತೆಗೆದರು. ರಿಪೋರ್ಟಿನಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದು ಅನ್ನೋ ಅಂಕ) 4+3, ಪಿಟಿ3ಎ (ಪ್ರಾಸ್ಟೇಟಿನ ಹೊರಪದರ ದಾಟಿದೆ), ಒಂದು ಕಡೆ ಮಾರ್ಜಿನ್ ಪಾಸಿಟಿವ್ ಅಂತ ಇದೆ. ಲಿಂಫ್ ನೋಡ್ ಕ್ಲಿಯರ್, ಅಲ್ಲಿಗೆ ಹರಡಿಲ್ಲ. ಆಪರೇಷನ್ ಆದ ಮೇಲಿನ ಮೊದಲ ಪಿಎಸ್ಎ (ಪ್ರಾಸ್ಟೇಟ್ ಕೋಶಗಳಿಂದ ಬರೋ ಪ್ರೋಟೀನ್ ಅಳೆಯೋ ರಕ್ತಪರೀಕ್ಷೆ) 0.03. ಆಪರೇಷನ್ ಮಾಡಿದ ಡಾಕ್ಟರ್ ಕಾಯೋಣ ಅಂತಾರೆ. ರೇಡಿಯೇಷನ್ ಡಾಕ್ಟರ್ ಬೇಕಾದರೆ ಈಗಲೇ ಶುರು ಮಾಡಬಹುದು ಅಂತಾರೆ. ಅಪ್ಪ ಇನ್ನೂ ಪ್ಯಾಡ್ ಹಾಕಿಕೊಂಡೇ ಓಡಾಡ್ತಿದ್ದಾರೆ, ಮೂತ್ರ ಸೋರೋದು ನಿಂತಿಲ್ಲ. ಎರಡೂ ಚಿಕಿತ್ಸೆ ಆದವರು, ನೋಡಿಕೊಂಡವರು ದಯವಿಟ್ಟು ಹೇಳಿ.

ಎರಡೂ ಆದವನು:
ನನ್ನ ರಿಪೋರ್ಟೂ ಹೆಚ್ಚುಕಡಿಮೆ ಹೀಗೇ ಇತ್ತು. ಮೊದಲು ಮಾರ್ಜಿನ್ ಪಾಸಿಟಿವ್ ಅನ್ನೋದನ್ನ ನೋಡಿ ತುಂಬಾ ಹೆದರಬೇಡಿ. ತೆಗೆದ ಪ್ರಾಸ್ಟೇಟಿನ ಹೊರಮೈಗೆ ಬಣ್ಣ ಹಚ್ಚಿ ತೆಳುವಾಗಿ ಕತ್ತರಿಸಿ ನೋಡ್ತಾರೆ. ಬಣ್ಣ ಇರೋ ಅಂಚಿಗೇ ಕ್ಯಾನ್ಸರ್ ಕೋಶ ತಾಗಿದ್ದರೆ ಪಾಸಿಟಿವ್ ಅಂತ ಬರೀತಾರೆ. ಒಳಗೆ ಉಳಿದಿರಬಹುದು ಅಂತ ಅರ್ಥ, ಉಳಿದೇ ಇದೆ ಅಂತಲ್ಲ. ಎಷ್ಟು ಮಿಲಿಮೀಟರ್ ಉದ್ದ ತಾಗಿದೆ, ಆ ಜಾಗದಲ್ಲಿ ಗ್ಲೀಸನ್ ಎಷ್ಟು ಅಂತ ಕೇಳಿ.

ನಾನು ಕಾಯುವುದನ್ನೇ ಆರಿಸಿಕೊಂಡೆ. ಕಾರಣ ಹೇಳ್ತೀನಿ. ಮೊದಲೆಲ್ಲ ಇಂಥ ರಿಪೋರ್ಟ್ ಬಂದರೆ ತಕ್ಷಣ ರೇಡಿಯೇಷನ್ ಕೊಡೋದು ಜಾಸ್ತಿ ಇತ್ತು. 2020ರಲ್ಲಿ ರಾಡಿಕಲ್ಸ್, ರೇವ್ಸ್, ಗೆಟಗ್ 17 ಅನ್ನೋ ಮೂರು ಟ್ರಯಲ್‌ಗಳ ಫಲಿತಾಂಶ ಹೊರಗೆ ಬಂತು. ಎಲ್ಲರಿಗೂ ತಕ್ಷಣ ಕೊಡೋದಕ್ಕೂ, ಪಿಎಸ್ಎ ಏರೋಕೆ ಶುರುವಾದ ಕೂಡಲೇ ಕೊಡೋದಕ್ಕೂ ರೋಗ ಹತೋಟಿಯಲ್ಲಿ ಇಡೋ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಕ್ಷಣ ಕೊಟ್ಟವರಲ್ಲಿ ಮೂತ್ರದ ತೊಂದರೆ ಮಾತ್ರ ಜಾಸ್ತಿ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಫಲಿತಾಂಶ ಬರೋ ಹೊತ್ತಿಗೆ ರೇಡಿಯೇಷನ್ನೇ ಬೇಕಾಗಿರಲಿಲ್ಲ. ಬೇಡದ ಚಿಕಿತ್ಸೆ ಸುಮ್ನೆ ಯಾಕೆ ತಗೋಬೇಕು, ಅಲ್ವಾ?

ಆದರೆ ಕಾಯೋದು ಅಂದ್ರೆ ಮರೆತು ಕೂರೋದಲ್ಲ. ಮೊದಮೊದಲು ಮೂರು ತಿಂಗಳಿಗೊಮ್ಮೆ ಪಿಎಸ್ಎ, ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ. ಲ್ಯಾಬ್ ಬದಲಾದರೆ 0.03 ಇದ್ದದ್ದು 0.05 ಆಗಿ ಮನೆಯವರೆಲ್ಲ ನಿದ್ದೆಗೆಡ್ತಾರೆ. ಒಂದು ನಂಬರ್ ನೋಡಬೇಡಿ, ಸಾಲಾಗಿ ಏರ್ತಾ ಇದೆಯಾ ನೋಡಿ. 0.2 ದಾಟಿ, ಇನ್ನೊಮ್ಮೆ ಮಾಡಿಸಿದಾಗಲೂ ಹಾಗೇ ಇದ್ದರೆ ರೋಗ ಮರುಕಳಿಸಿದೆ ಅಂತ ಲೆಕ್ಕ. ನನಗೆ 0.1 ದಾಟಿ ಏರ್ತಾನೇ ಹೋದಾಗಲೇ ಶುರು ಮಾಡಿದರು. 0.5 ದಾಟೋವರೆಗೆ ಎಳೆಯೋದು ಒಳ್ಳೆಯದಲ್ಲ, ನಂಬರ್ ಕಡಿಮೆ ಇದ್ದಾಗಲೇ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುತ್ತೆ.

ಪತಿಯನ್ನು ನೋಡಿಕೊಂಡವರು:
ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲರಿಗೂ ಹೊಂದಲ್ಲ. ನಮ್ಮವರಿಗೆ ಗ್ಲೀಸನ್ 9 (ಎರಡೂ ಅಂಕ ಕೂಡಿಸಿ), ಪ್ರಾಸ್ಟೇಟಿಗೆ ಅಂಟಿಕೊಂಡಿರೋ ವೀರ್ಯದ ಚೀಲ ಅಂದ್ರೆ ಸೆಮಿನಲ್ ವೆಸಿಕಲ್‌ಗೆ ಹೋಗಿತ್ತು, ನೋಡ್‌ನಲ್ಲೂ ಇತ್ತು. ಆ ಟ್ರಯಲ್‌ಗಳಲ್ಲಿ ಇಂಥವರು ಕಡಿಮೆ ಇದ್ದರು ಅಂತ ಡಾಕ್ಟರೇ ಹೇಳಿದರು. ಹಾಗಾಗಿ ಪಿಎಸ್ಎ ಏರೋದನ್ನ ಕಾಯದೆ ರೇಡಿಯೇಷನ್ ಜೊತೆ ಹಾರ್ಮೋನ್ ಇಂಜೆಕ್ಷನ್ (ಗಂಡು ಹಾರ್ಮೋನ್ ತಗ್ಗಿಸೋದು) ಕೊಟ್ಟರು. ನಿಜ ಹೇಳಬೇಕಂದ್ರೆ ರೇಡಿಯೇಷನ್‌ಗಿಂತ ಇಂಜೆಕ್ಷನ್ನೇ ಅವರನ್ನ ಹೈರಾಣ ಮಾಡಿತು. ರಾತ್ರಿ ಎದ್ದು ಕೂತು ಬೆವರೋರು, ಸಣ್ಣದಕ್ಕೂ ಕಣ್ಣಲ್ಲಿ ನೀರು. ಇದೂ ಬರುತ್ತೆ ಅಂತ ಮೊದಲೇ ಯಾರಾದ್ರೂ ಹೇಳಿದ್ದರೆ ಮನೆಯಲ್ಲಿ ಅಷ್ಟು ಜಗಳ ಆಗ್ತಿರಲಿಲ್ಲ!

ನಿಮ್ಮ ತಂದೆಯವರ ರಿಪೋರ್ಟ್ ಅಷ್ಟು ಕೆಟ್ಟದ್ದಲ್ಲ. ಮುಂದೆ ರೇಡಿಯೇಷನ್ ಬೇಕಾದರೂ ಜೊತೆಗೆ ಹಾರ್ಮೋನ್ ಬೇಕೇ, ಎಷ್ಟು ತಿಂಗಳು ಅಂತ ಬೇರೆಯಾಗಿ ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಒಂದು ಡೌಟ್. ಮೊದಲು ರೇಡಿಯೇಷನ್ ಮಾಡಿಸಿ, ಬೇಕಾದರೆ ಆಮೇಲೆ ಆಪರೇಷನ್ ಮಾಡಿಸಬೇಕಿತ್ತು ಅಂತ ನೆಂಟರೊಬ್ಬರು ತಲೆ ತಿಂತಿದ್ದಾರೆ. ಮತ್ತೆ ಪ್ಯಾಡ್ ಇರುವಾಗ ರೇಡಿಯೇಷನ್ ಆಗುತ್ತಾ?

ಅಣ್ಣನಿಗೆ ಚಿಕಿತ್ಸೆ ಮಾಡಿಸಿದವನು:
ನೆಂಟರ ಮಾತು ಬಿಡಿ. ರೇಡಿಯೇಷನ್ ಒಂದರಿಂದಲೇ ವಾಸಿಯಾದವರು ಬೇಕಾದಷ್ಟು ಜನ ಇದ್ದಾರೆ, ಅದೂ ಸರಿಯಾದ ದಾರಿಯೇ. ಆದರೆ ರೇಡಿಯೇಷನ್ ಆದ ಮೇಲೆ ಆಪರೇಷನ್ ಮಾಡೋದು ಬಲು ಕಷ್ಟ. ಒಳಗಿನ ಭಾಗ ಗಟ್ಟಿಯಾಗಿ, ಸಿಮೆಂಟ್ ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಗುದನಾಳಕ್ಕೆ ಪೆಟ್ಟಾಗೋ ಭಯ, ಮೂತ್ರ ಸೋರೋದೂ ಜಾಸ್ತಿ. ಅದಕ್ಕೇ ಆ ಆಪರೇಷನ್ ಮಾಡೋ ಸರ್ಜನ್‌ಗಳೇ ಕಡಿಮೆ. ನಿಮ್ಮಪ್ಪನಿಗೆ ಆಗಿರೋ ಕ್ರಮದಲ್ಲಿ ಆ ರಗಳೆ ಇಲ್ಲ.

ಪ್ಯಾಡ್ ವಿಷಯ ಮುಖ್ಯ. ರೇಡಿಯೇಷನ್ ಎಲ್ಲಿಗೆ ಬೀಳಬೇಕು ಅಂತ ಗುರುತಿಸೋ ಪ್ಲಾನಿಂಗ್ ಸ್ಕ್ಯಾನ್ ದಿನ ಹೊಟ್ಟೆ ಮೇಲೆ, ಪಕ್ಕದಲ್ಲಿ ಸಾಸಿವೆಯಷ್ಟು ಚುಕ್ಕೆ ಹಚ್ಚೆ ಹಾಕ್ತಾರೆ. ಆಮೇಲೆ ಪ್ರತಿ ದಿನ ಆ ಚುಕ್ಕೆಗೆ ಬೆಳಕಿನ ಗೆರೆ ಹೊಂದಿಸಿ ಮಲಗಿಸ್ತಾರೆ. ವಾರಕ್ಕೆ ಐದು ದಿನ, ಸಾಮಾನ್ಯವಾಗಿ ಆರೂವರೆ ಏಳು ವಾರ. ಕೆಲವು ಕಡೆ ದಿನದ ಡೋಸ್ ಹೆಚ್ಚಿಸಿ ನಾಲ್ಕು ವಾರದಲ್ಲೂ ಮುಗಿಸ್ತಾರೆ. ಪ್ರತಿ ಸಲ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಾಗಿರಬೇಕು. ಸೋರ್ತಾ ಇದ್ದರೆ ನೀರು ಕುಡಿದು ಹಿಡಿದುಕೊಳ್ಳೋದು ಹೇಗೆ? ಅಣ್ಣ ಟೇಬಲ್ ಹತ್ತೋ ಮುಂಚೆಯೇ ಬಟ್ಟೆ ಒದ್ದೆ ಮಾಡಿಕೊಂಡು ಅವಮಾನದಿಂದ ಮಾತೇ ಆಡದ ದಿನಗಳಿದ್ದವು. ರೇಡಿಯೇಷನ್ ಶುರುವಾದ ಮೇಲೆ ಹಿಡಿತ ಸುಧಾರಿಸೋದೂ ನಿಧಾನ ಆಗುತ್ತೆ. ಕಾಯೋಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಈಗ ಕೆಗೆಲ್ ವ್ಯಾಯಾಮ (ಮೂತ್ರ ತಡೆಯೋ ಸ್ನಾಯು ಬಿಗಿಹಿಡಿದು ಬಿಡೋದು) ಮಾಡಿಸಿ. ಫಿಸಿಯೋ ಹತ್ತಿರ ಒಂದು ಸಲ ತೋರಿಸಿ, ತುಂಬಾ ಜನ ಹೊಟ್ಟೆ ಬಿಗಿಹಿಡಿದು ಅದೇ ವ್ಯಾಯಾಮ ಅಂದುಕೊಂಡಿರ್ತಾರೆ.

ಎರಡೂ ಆದವನು:
ಇನ್ನೊಂದು ಮಾತು ಬಿಟ್ಟುಹೋಗಿತ್ತು. ಮುಂದೆ ಪಿಎಸ್ಎ ಏರಿದರೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ (ಪ್ರಾಸ್ಟೇಟ್ ಕ್ಯಾನ್ಸರ್ ಮೈಯಲ್ಲಿ ಎಲ್ಲಿದೆ ಅಂತ ಹುಡುಕೋದು) ಹೇಳಬಹುದು. 0.2 ಹತ್ತಿರ ಇದ್ದಾಗ ಅದರಲ್ಲಿ ಎಷ್ಟೋ ಸಲ ಏನೂ ಕಾಣಲ್ಲ. ಕಾಣಲಿಲ್ಲ ಅಂತ ರೇಡಿಯೇಷನ್ ಮುಂದೂಡಬೇಡಿ. ಮತ್ತೆ ರೇಡಿಯೇಷನ್ ಆಗಿ ಒಂದೆರಡು ವರ್ಷದ ಮೇಲೂ ಮೂತ್ರದಲ್ಲೋ ಮಲದಲ್ಲೋ ರಕ್ತ ಕಾಣಿಸಿಕೊಳ್ಳಬಹುದು. ಹಾಗಾದರೆ ರೇಡಿಯೇಷನ್ ತಗೊಂಡಿದ್ದೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು, ಯಾಕಂದ್ರೆ ಆ ಜಾಗದಲ್ಲಿ ಬಯಾಪ್ಸಿ ತೆಗೆದರೆ ಗಾಯ ಬೇಗ ಮಾಯೋದಿಲ್ಲ. ಮುಂದಿನ ಪಿಎಸ್ಎ ಎಷ್ಟು ಬಂತು ಅಂತ ಇಲ್ಲೇ ಹಾಕಿ.