ಸಹಾಯ ಬೇಕು: ತೀರ್ಥಹಳ್ಳಿ ಕಡೆ ಮನೆಗೆ ಬರುವ ನರ್ಸ್, ಫಿಸಿಯೋಥೆರಪಿಸ್ಟ್

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಮೆದುಳಿನ ಗೆಡ್ಡೆ ಆಪರೇಷನ್ ಆಗಿ 12 ದಿನ. ಮೊನ್ನೆ ಮನೆಗೆ ಕರೆದುಕೊಂಡು ಬಂದೆವು. ತಲೆಯ ಗಾಯ ಚೆನ್ನಾಗಿ ಒಣಗುತ್ತಿದೆ. ಈಗ ಭಯ ಇರುವುದು ಕಾಲಿನದ್ದು. ಎಡಗಾಲಿಗೆ ಬಲ ಕಡಿಮೆ, ದಿನವಿಡೀ ಮಲಗೇ ಇರುತ್ತಾರೆ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಅಂದಿದ್ದಾರೆ ಡಾಕ್ಟರ್.

ಆಸ್ಪತ್ರೆಯಲ್ಲಿ ಕಾಲಿಗೆ ಗಾಳಿ ತುಂಬಿ ಒತ್ತುವ ಮಷೀನ್ ಇತ್ತು. ತಲೆಯೊಳಗೆ ರಕ್ತಸ್ರಾವ ಇಲ್ಲ ಅಂತ ಸ್ಕ್ಯಾನ್‌ನಲ್ಲಿ ನೋಡಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಹೊಟ್ಟೆಗೆ ಶುರು ಮಾಡಿದರು. ಇನ್ನೂ ಒಂದು ವಾರ ಕೊಡಬೇಕು.

ಬಿಗಿ ಸ್ಟಾಕಿಂಗ್ಸ್ ಒಂದು ಅಂಗಡಿಯಲ್ಲಿ ಅಳತೆ ತೆಗೆಯದೆ ಸುಮ್ನೆ ಕೊಟ್ಟರು. ಸಂಜೆ ಹೊತ್ತಿಗೆ ಮಂಡಿ ಕೆಳಗೆ ಸುರುಳಿ ಸುತ್ತಿ, ಬಳೆ ಥರ ಕೆಂಪು ಗುರುತು! ರಕ್ತ ಹರಿಯಲಿ ಅಂತ ಹಾಕಿದ್ದೇ ಅಡ್ಡ ಕಟ್ಟಿದ ಹಾಗಾಯ್ತು ಅಲ್ವಾ?

ಶಿವಮೊಗ್ಗದಲ್ಲಿ ಕಣಕಾಲು, ಮೀನಖಂಡ ಟೇಪಿನಲ್ಲಿ ಅಳೆದು ಕೊಡುವ ಅಂಗಡಿ ಯಾವುದು? ದಿನಾ ಬಂದು ಇಂಜೆಕ್ಷನ್ ಕೊಡುವ ನರ್ಸ್, ಹಿಡಿದು ನಡೆಸುವ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ತಿಳಿಸಿ. ಮನೆ ಆಗುಂಬೆ ರಸ್ತೆಯಲ್ಲಿ. ಬಂದು ಹೋಗುವ ಖರ್ಚು ನಮ್ಮದೇ. ಎಣ್ಣೆ ಹಚ್ಚಿ ಕಾಲು ತಿಕ್ಕಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ, ಡಾಕ್ಟರ್ ಬೇಡವೇ ಬೇಡ ಅಂದಿದ್ದಾರೆ.